ಹಸೆ ಚಿತ್ತಾರವೂ ವರ್ಕ್‌ಶೀಟೂ

ಅಡ್ಮಿಷನ್ ಕಾಲ ಬಂತೆಂದರೆ ಶಿವಮೊಗ್ಗದ ಖಾಸಗಿ ಶಾಲೆಗಳ ಕರಪತ್ರಗಳಲ್ಲಿ ಎರಡು ಮಾತು ತಪ್ಪದೆ ಕಾಣಿಸಿಕೊಳ್ಳುತ್ತವೆ: ಶಿಶುಕೇಂದ್ರಿತ ಶಿಕ್ಷಣ, ಕಲಾಸಂಯೋಜಿತ ಕಲಿಕೆ. ಶಾಂತಿನಿಕೇತನ, ನಯೀ ತಾಲೀಮು, ಪುತ್ತೂರಿನ ಬಾಲವನ ಎಂದು ಈ ವಿಚಾರದ ವಂಶಾವಳಿಯನ್ನು ಮತ್ತೊಮ್ಮೆ ಒಪ್ಪಿಸುವ ಅಗತ್ಯವಿಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿದ್ದನ್ನೇ 2020ರ ಶಿಕ್ಷಣ ನೀತಿಯೂ ಬೇರೆ ಮಾತಿನಲ್ಲಿ ಹೇಳಿದೆ. ಆಶಯದ ಮಟ್ಟದಲ್ಲಿ ಯಾರ ಜಗಳವೂ ಇಲ್ಲ. ನನ್ನ ತಕರಾರು ಇರುವುದು ಇಂಥ ಶಾಲೆಗಳಿಗೆ ಸುಲಭವಾಗಿ ದಕ್ಕಿರುವ ಕೀರ್ತಿಯ ಬಗ್ಗೆ. ಆ ಕೀರ್ತಿ ಹುಟ್ಟುವುದು ಕುವೆಂಪು ರಂಗಮಂದಿರದ ವಾರ್ಷಿಕೋತ್ಸವದಲ್ಲಿ, ಕಾರಿಡಾರಿನ ಗೋಡೆಗೆ ಅಂಟಿಸಿದ ಚಿತ್ರಗಳಲ್ಲಿ. ಪಂಜರದ ಶಿಕ್ಷಣವನ್ನು ಗೇಲಿ ಮಾಡುವ ಬಿ.ವಿ. ಕಾರಂತರ ‘ಪಂಜರ ಶಾಲೆ’ಯನ್ನೂ ಬಾಯಿಪಾಠ ಮಾಡಿಸಿ ಆಡಿಸಬಹುದು, ಚಪ್ಪಾಳೆಗೇನೂ ಕೊರತೆಯಾಗುವುದಿಲ್ಲ. ತರಗತಿಯೊಳಗೆ ದಿನವಿಡೀ ನಿಲ್ಲುವ ಟೀಚರ್ ಏನು ಮಾಡುತ್ತಾರೆ, ಅದಕ್ಕೆ ಅವರಿಗೆ ಏನು ಬೇಕು ಎಂದು ಕೇಳುವವರಿಲ್ಲ. ಮಗುವನ್ನು ಕೇಂದ್ರಕ್ಕೆ ತರುವ ಭರದಲ್ಲಿ ಶಿಕ್ಷಕಿಯನ್ನು ಲೆಕ್ಕದಿಂದಲೇ ಕೈಬಿಟ್ಟಿದ್ದೇವೆ. ಹಾಗೆ ಕೈಬಿಟ್ಟ ಕಡೆ ಕಲೆಯೂ ನಡೆಯುವುದಿಲ್ಲ, ಕಲಿಕೆಯೂ ನಡೆಯುವುದಿಲ್ಲ ಎಂಬುದು ನನ್ನ ವಾದ.

ಒಂದೇ ಪಾಠವನ್ನು ಬಿಡಿಸಿ ನೋಡೋಣ. ಐದನೇ ತರಗತಿಯ ರೇಖಾಗಣಿತವನ್ನು ಹಸೆ ಚಿತ್ತಾರದ ಮೂಲಕ ಕಲಿಸುವುದು. ಸಾಗರ, ಸೊರಬದ ದೀವರ ಹೆಣ್ಣುಮಕ್ಕಳು ಮದುವೆಯ ಗೋಡೆಯ ಮೇಲೆ, ಭೂಮಿ ಹುಣ್ಣಿಮೆಯ ಬುಟ್ಟಿಯ ಮೇಲೆ ಬರೆಯುವ ಈ ಕಲೆ ನಮ್ಮ ಜಿಲ್ಲೆಯದೇ. ತ್ರಿಕೋನ, ಚೌಕ, ಸಮಾನಾಂತರ ಗೆರೆಗಳಿಂದ ಕೂಡಿದ್ದು. ಹಾಗಾಗಿ ಆಯ್ಕೆಯೇನೋ ಒಳ್ಳೆಯದೇ. ಆದರೆ ಸಾಮಾನ್ಯವಾಗಿ ಮಕ್ಕಳ ಕೈಗೆ ಬರುವುದು ಚಿತ್ತಾರದ ಪ್ರಿಂಟ್ ತೆಗೆದ ಒಂದು ಹಾಳೆ. ಮಕ್ಕಳು ಬಣ್ಣ ತುಂಬುತ್ತಾರೆ, ತ್ರಿಕೋನಗಳನ್ನು ಎಣಿಸಿ ಕೆಳಗಿನ ಬಾಕ್ಸಿನಲ್ಲಿ ಬರೆಯುತ್ತಾರೆ, ಫೋಟೊ ಪೋಷಕರ ವಾಟ್ಸಾಪ್ ಗುಂಪಿಗೆ ಹೋಗುತ್ತದೆ. ಕಲೆ, ಗಣಿತ, ಸ್ಥಳೀಯ ಸಂಸ್ಕೃತಿ ಮೂರೂ ಒಂದೇ ಪೀರಿಯಡ್ಡಿನಲ್ಲಿ ಮುಗಿದಂತಾಯಿತು.

ಚಿತ್ತಾರ ನಿಜಕ್ಕೂ ಕೇಳುವುದೇನು? ಕೆಮ್ಮಣ್ಣು ಬಳಿದ ಹಿನ್ನೆಲೆ, ಅಕ್ಕಿ ಹಿಟ್ಟಿನ ಬಿಳಿ, ಪುಂಡಿನಾರಿನ ಕುಂಚ. ಸ್ಕೇಲು, ರಬ್ಬರು ಎರಡೂ ಇಲ್ಲ. ಮೊದಲು ಚೌಕಟ್ಟು, ಆಮೇಲೆ ಒಳಗಿನ ಜಾಗವನ್ನು ಕಣ್ಣಳತೆಯಲ್ಲೇ ಸಮನಾಗಿ ಹಂಚಿಕೊಳ್ಳಬೇಕು. ಎಡತುದಿಯಲ್ಲಿ ಎರಡು ಎಳೆಗಳ ನಡುವೆ ಒಂದು ಕೂದಲಷ್ಟು ಅಂತರ ಜಾಸ್ತಿಯಾದರೂ ಅದು ಮುಂದಿನ ಒಂದೊಂದು ಎಳೆಗೂ ಕೂಡುತ್ತಾ ಹೋಗಿ, ಬಲತುದಿಗೆ ಬರುವಾಗ ಕೊನೆಯ ಆಕೃತಿಗೆ ಜಾಗವೇ ಉಳಿಯುವುದಿಲ್ಲ. ಗಣಿತ ಇರುವುದು ಆ ಹಂಚಿಕೆಯಲ್ಲಿ, ಆ ತಪ್ಪು ಬೆಳೆಯುವ ಬಗೆಯಲ್ಲಿ. ಪ್ರಿಂಟ್ ಹಾಳೆಯಲ್ಲಿ ಇಷ್ಟೂ ತೀರ್ಮಾನಗಳನ್ನು ಕಂಪ್ಯೂಟರ್ ಮೊದಲೇ ಮಾಡಿಟ್ಟಿರುತ್ತದೆ. ಮಗುವಿಗೆ ಉಳಿಯುವುದು ಬಣ್ಣ ತುಂಬುವ ಕೆಲಸ. ಅದೂ ಬಿಳಿ, ಕೆಂಪು, ಕಪ್ಪು, ಹಳದಿಗಳಲ್ಲೇ ತೃಪ್ತವಾದ ಕಲೆಗೆ ಹನ್ನೆರಡು ಬಣ್ಣದ ಕ್ರೆಯಾನ್. ರೇಖಾಗಣಿತವೂ ಹೋಯಿತು, ಚಿತ್ತಾರವೂ ಹೋಯಿತು.

ಇದೇ ಪಾಠವನ್ನು ಕುಂಚ ಕೊಟ್ಟು ಮಾಡಿಸಿದರೆ ಶಿಕ್ಷಕಿಯ ಕೆಲಸ ಎಂಥದು ಎನ್ನುವುದು ತಿಳಿಯುತ್ತದೆ. ಒಂದು ಮಗುವಿನ ತ್ರಿಕೋನಗಳು ಬಲಕ್ಕೆ ಹೋದಂತೆ ಸಣ್ಣವಾಗುತ್ತಿವೆ ಎನ್ನಿ. ಆ ಮಗು ಜಾಗವನ್ನು ಮೊದಲೇ ಹಂಚಿಕೊಳ್ಳಲಿಲ್ಲವೋ, ಹಂಚಿಕೊಂಡರೂ ಕೈ ಸೋತಿತೋ? ಮೊದಲನೆಯದಾದರೆ ಒಂದು ದಾರ ಕೊಟ್ಟು ಅರ್ಧಕ್ಕೆ, ಮತ್ತೆ ಅರ್ಧಕ್ಕೆ ಮಡಚಿ ಗುರುತು ಹಾಕಲು ಹೇಳಬೇಕು. ಎರಡನೆಯದಾದರೆ ದಪ್ಪ ಕುಂಚ ಕೊಡಬೇಕು, ಸ್ವಲ್ಪ ಕಾಯಬೇಕು. ತಪ್ಪು ನೋಡಲು ಒಂದೇ, ಮದ್ದು ಮಾತ್ರ ಬೇರೆ ಬೇರೆ. ಈ ವ್ಯತ್ಯಾಸ ಗೊತ್ತಾಗಬೇಕಾದರೆ ಟೀಚರ್ ತಾವೇ ನಾಲ್ಕಾರು ಸಲ ಬರೆದು ಕೆಡಿಸಿರಬೇಕು. ಎರಡು ಪೀರಿಯಡ್ ಒಟ್ಟಿಗೆ ಸಿಗಬೇಕು. ಹಿಂದಿನ ದಿನ ನಾರು ಜಜ್ಜಿ ಕುಂಚ ಮಾಡಿಡಲು ಪುರುಸೊತ್ತಿರಬೇಕು. ಇಷ್ಟನ್ನೂ ಕೊಡದ ಶಾಲೆಯಲ್ಲಿ ವರ್ಕ್‌ಶೀಟ್ ಹಂಚಿದ ಟೀಚರನ್ನು ದೂರುವುದು ಅನ್ಯಾಯ. ಅವರು ತಮಗಿದ್ದ ನಲವತ್ತು ನಿಮಿಷಕ್ಕೆ ತಕ್ಕ ಕೆಲಸ ಮಾಡಿದ್ದಾರೆ.

ಟೀಚರ ಸಮಯವನ್ನು ಮರೆತಿರುವುದು ಶಾಲೆಗಳಷ್ಟೇ ಅಲ್ಲ. ಸಿಬಿಎಸ್‌ಇ 2020ರ ಸುತ್ತೋಲೆಯಲ್ಲಿ ಹತ್ತನೇ ತರಗತಿಯವರೆಗೆ ಕಲಾಸಂಯೋಜಿತ ಪ್ರಾಜೆಕ್ಟನ್ನು ಕಡ್ಡಾಯ ಮಾಡಿ, ಅದನ್ನು ಪ್ರತಿ ರಾಜ್ಯಕ್ಕೂ ಜೋಡಿಯಾಗಿ ಗೊತ್ತುಮಾಡಿದ ಇನ್ನೊಂದು ರಾಜ್ಯದ ಕಲೆಗೆ ಕಟ್ಟಿಹಾಕಿತು. ಕರ್ನಾಟಕಕ್ಕೆ ಸಿಕ್ಕ ಜೋಡಿ ಉತ್ತರಾಖಂಡ. ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಚಿತ್ರ ಚಾರ್ಟಿಗೆ ಅಂಟಿಸಿದರೆ ಅಂಕ ಬರುತ್ತದೆ, ಪ್ರಾಜೆಕ್ಟ್ ಮುಗಿಯುತ್ತದೆ. ಆದರೆ ಕುಮಾವೂಂ ಪ್ರದೇಶದ ಐಪಣ್ ಕೂಡ ಕೆಂಪು ಮಣ್ಣಿನ ಮೇಲೆ ಅಕ್ಕಿ ಹಿಟ್ಟಿನಲ್ಲಿ ಮನೆಯ ಹೆಂಗಸರು ಬರೆಯುವ ಕಲೆಯೇ. ಅದನ್ನೂ ಹಸೆಯನ್ನೂ ಪಕ್ಕಪಕ್ಕದಲ್ಲಿಟ್ಟು, ಅಷ್ಟು ದೂರದ ಎರಡು ಬೆಟ್ಟಸೀಮೆಗಳಲ್ಲಿ ಒಂದೇ ಸಾಮಗ್ರಿ ಏಕೆ ಬಂತು ಎಂದು ಕೇಳುವ ಅವಕಾಶ ಸುತ್ತೋಲೆಯೊಳಗೇ ಇತ್ತು. ಸುತ್ತೋಲೆ ಕಲೆಯನ್ನು ಕಡ್ಡಾಯ ಮಾಡಿತು. ಟೀಚರ ಸಮಯವನ್ನು ಕಡ್ಡಾಯ ಮಾಡಲಿಲ್ಲ.

ಇಲ್ಲಿ ಇಬ್ಬರು ಅಡ್ಡ ಬರುತ್ತಾರೆ. ಮೊದಲನೆಯವರು ರಂಗಭೂಮಿಯ ಗೆಳೆಯರು. 1980ರಿಂದ ಹೆಗ್ಗೋಡಿನಲ್ಲಿ ರಂಗಶಿಕ್ಷಣ ಕೇಂದ್ರವಿರುವ ಜಿಲ್ಲೆಯಲ್ಲಿ ಅವರ ಮಾತಿಗೆ ತೂಕವಿದೆ. ಕಲೆ ಕಲೆಗಾಗಿಯೇ ಇರಲಿ, ಗಣಿತದ ಗಾಡಿಗೆ ಅದನ್ನು ಹೂಡಬೇಡಿ ಎನ್ನುತ್ತಾರೆ. ವರ್ಕ್‌ಶೀಟಿನ ಮಟ್ಟಿಗೆ ಈ ಮಾತು ನಿಜ. ಆದರೆ ಅವರು ಸೂಚಿಸುವ ಪರಿಹಾರ, ಅಂದರೆ ಹೊರಗಿನಿಂದ ನಿರ್ದೇಶಕರೊಬ್ಬರು ಬಂದು ತಿಂಗಳಲ್ಲಿ ನಾಟಕ ಮಾಡಿಸಿ ಹೋಗುವುದು, ಕಲೆಯನ್ನು ಮತ್ತೆ ವಾರ್ಷಿಕೋತ್ಸವಕ್ಕೇ ಒಪ್ಪಿಸುತ್ತದೆ; ಜೂನ್‌ನಿಂದ ಮಾರ್ಚ್‌ವರೆಗೆ ಮಕ್ಕಳ ಜೊತೆ ಇರುವ ಟೀಚರ ಕೈಗೆ ಏನೂ ಉಳಿಯುವುದಿಲ್ಲ.

ಎರಡನೆಯವರು ಶಿಕ್ಷಣದ ಬಗ್ಗೆ ಪತ್ರಿಕೆಗಳಲ್ಲಿ ಬರೆಯುವವರು. ಖಾಸಗಿ ಶಾಲೆಯ ಹಾಡು, ಕುಣಿತ ಇವರಿಗೆ ಪ್ರಯೋಗ. ಸರ್ಕಾರಿ ಶಾಲೆಯ ನಲಿ-ಕಲಿ ಮಾತ್ರ ಗದ್ದಲ. ಇದನ್ನು ಸುಮ್ಮನೆ ಬಿಡಬಾರದು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಮೊದಲಾಗಿ 2009-10ರಲ್ಲಿ ರಾಜ್ಯಕ್ಕೆಲ್ಲ ಹರಡಿದ ನಲಿ-ಕಲಿಯಲ್ಲಿ ಮೇಲೆ ಕಲಿಕಾ ಚಪ್ಪರ, ಗೋಡೆಯಲ್ಲಿ ಮಕ್ಕಳ ಕಪ್ಪುಹಲಗೆ, ನೆಲದಲ್ಲಿ ಗುಂಪು ಗುಂಪಾಗಿ ಕೂತ ಬೇರೆ ಬೇರೆ ತರಗತಿಯ ಮಕ್ಕಳು. ಒಂದು ಗುಂಪಿಗೆ ಟೀಚರ ಪೂರ್ತಿ ಬೆಂಬಲ, ಇನ್ನೊಂದಕ್ಕೆ ಅರೆ ಬೆಂಬಲ, ಮತ್ತೆ ಕೆಲವು ಸಹಪಾಠಿಗಳನ್ನು ನಂಬಿದವು, ಕೊನೆಯದು ಸ್ವಕಲಿಕೆ. ಯಾವ ಮಗು ಕಲಿಕಾ ಏಣಿಯ ಯಾವ ಮೆಟ್ಟಿಲಲ್ಲಿದೆ ಎಂದು ಪ್ರಗತಿ ನೋಟದಲ್ಲಿ ಗುರುತು ಹಾಕುವವರೂ ಟೀಚರೇ. ಅದರಲ್ಲಿ ದೋಷಗಳಿವೆ, ಕಲಿಕಾ ಕಾರ್ಡು ಮುಗಿಸುವುದೇ ಗುರಿಯಾದ ಕೊಠಡಿಗಳೂ ಇವೆ. ಆದರೆ ಶಿಶುಕೇಂದ್ರಿತ ತರಗತಿಯಲ್ಲಿ ಶಿಕ್ಷಕಿ ಗಂಟೆಗಂಟೆಗೆ ಏನು ಮಾಡಬೇಕು ಎಂಬ ಪ್ರಶ್ನೆಯನ್ನು ಅದು ಎದುರಿಸಿತು. ನಗರದ ಕರಪತ್ರಗಳು ಆ ಪ್ರಶ್ನೆಯನ್ನು ಎತ್ತುವುದೂ ಇಲ್ಲ. ಕೆಲಸ ಹೆಚ್ಚಿರುವ ಕಡೆ ಬೈಗುಳ, ಫೀಸು ಹೆಚ್ಚಿರುವ ಕಡೆ ಹೊಗಳಿಕೆ ಎಂಬುದು ವಿಮರ್ಶೆಯಲ್ಲ.

ಮತ್ತೆ ಚಿತ್ತಾರದ ವಿಷಯಕ್ಕೆ ಬಂದರೆ, ಅದೇನೋ ಮಲೆನಾಡಿನ ಒಂದು ಸಮುದಾಯದ್ದು, ಭದ್ರಾವತಿಯ ಕಾರ್ಖಾನೆ ಕಾಲೊನಿಯ ಮಗುವಿಗೆ ಅದೂ ಹೊರಗಿನದೇ ಅಲ್ಲವೇ ಎಂಬ ಆಕ್ಷೇಪ ಸರಿಯಾದದ್ದು. ಕನ್ನಡ, ತಮಿಳು, ತೆಲುಗು, ಉರ್ದು ಒಟ್ಟಿಗೆ ಕೇಳುವ ಆ ಊರಿನ ಸಾಮಗ್ರಿಯೇ ಬೇರೆ. 1923ರಲ್ಲಿ ಕಬ್ಬಿಣ ಕರಗಿಸಲು ಶುರು ಮಾಡಿದ ಕಾರ್ಖಾನೆಗೆ ಅದಿರು ಕೆಮ್ಮಣ್ಣುಗುಂಡಿಯಿಂದ, ಇದ್ದಿಲು ಮಲೆನಾಡಿನ ಕಾಡಿನಿಂದ ಬಂತು. ಅದೇ ಊರಿನ ಕಾಗದ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪಾದನೆ ನಿಂತಿತು. ಇಂಗ್ಲೆಂಡಿನ ಡಾರತಿ ಹೀತ್‌ಕೋಟ್ ಬೆಳೆಸಿದ, ಶಿಕ್ಷಕರೇ ಪಾತ್ರವಾಗಿ ತರಗತಿಯೊಳಕ್ಕೆ ಬರುವ ವಿಧಾನಕ್ಕೆ ಈ ಊರಿನ ಕಥೆಗಿಂತ ಒಳ್ಳೆಯ ವಸ್ತು ಬೇಕಿಲ್ಲ. ಟೀಚರ್ ಅರಣ್ಯಾಧಿಕಾರಿಯಾಗಿ ಬಂದು, ಕುಲುಮೆಗೆ ಇನ್ನಷ್ಟು ಮರ ಬೇಕಂತೆ, ಕೊಡುವುದೋ ಬೇಡವೋ ಎಂದು ಕೇಳಲಿ. ಮಕ್ಕಳು ಇದ್ದಿಲು ಸುಡುವವರಾಗಿ, ಗುಮಾಸ್ತರಾಗಿ, ಕಾಡಂಚಿನ ರೈತರಾಗಿ ಉತ್ತರ ಕೊಡಲಿ. ಪ್ರೇಕ್ಷಕರು ಬೇಡ, ವೇಷಭೂಷಣವೂ ಬೇಡ. ಆದರೆ ಮಕ್ಕಳ ಯಾವ ಉತ್ತರಕ್ಕೆ ಯಾವ ಮರುಪ್ರಶ್ನೆ ಹಾಕಬೇಕು ಎಂಬ ತಯಾರಿ ಇಲ್ಲದೆ ಹೋದರೆ ಹತ್ತೇ ನಿಮಿಷದಲ್ಲಿ ಅದು ಗಲಾಟೆಯಾಗುತ್ತದೆ.

ಇಷ್ಟೆಲ್ಲ ಸಮಯ ಕೊಟ್ಟರೆ ಶಾಲೆ ನಡೆಸುವುದು ಹೇಗೆ ಎಂದು ಆಡಳಿತ ಮಂಡಳಿಗಳು ಕೇಳಬಹುದು. ಉತ್ತರ ಕಾನೂನಿನಲ್ಲೇ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಶಿಕ್ಷಕರಿಗೆ ವಾರಕ್ಕೆ ಕನಿಷ್ಠ 45 ಗಂಟೆ ಎಂದು ಹೇಳುವಾಗ ಪೂರ್ವತಯಾರಿಯ ಗಂಟೆಗಳನ್ನೂ ಅದರೊಳಗೇ ಸೇರಿಸಿದೆ. ತಯಾರಿ ಕೆಲಸವೇ; ರಾತ್ರಿ ಮನೆಯಲ್ಲಿ ಪುಕ್ಕಟೆ ಮಾಡಬೇಕಾದ ಸೇವೆಯಲ್ಲ. ಹಾಗಾಗಿ ಪೋಷಕರಲ್ಲಿ ಒಂದು ಮನವಿ. ಮುಂದಿನ ಅಡ್ಮಿಷನ್ನಿಗೆ ಹೋದಾಗ ಗೋಡೆಯ ಚಿತ್ರಗಳನ್ನು ಮೆಚ್ಚುವ ಮೊದಲು ಟೈಮ್‌ಟೇಬಲ್ ಕೇಳಿ. ಟೀಚರಿಗೆ ವಾರದಲ್ಲಿ ಎಷ್ಟು ಪೀರಿಯಡ್ ಬಿಡುವಿದೆ, ಅದರಲ್ಲಿ ಎಷ್ಟು ಸಬ್‌ಸ್ಟಿಟ್ಯೂಷನ್ನಿಗೆ ಹೋಗುತ್ತದೆ ಎಂದು ವಿಚಾರಿಸಿ. ಉತ್ತರ ಕೊಡಲು ತಡವರಿಸುವ ಶಾಲೆ ಶಿಶುಕೇಂದ್ರಿತವೂ ಅಲ್ಲ, ಕಲಾಸಂಯೋಜಿತವೂ ಅಲ್ಲ.