ಪರೀಕ್ಷೆ, ವಿಚಾರಣೆ, ವಿನಂತಿ: ಉತ್ತಂಗಿ ಚನ್ನಪ್ಪನವರ ಮತಸಮರ್ಥನೆಯ ನೀತಿ

ಸ್ವಮತವನ್ನು ಸಮರ್ಥಿಸುವವನು ಪರಮತದವನೊಡನೆ ಹೇಗೆ ಮಾತನಾಡಬೇಕು ಎಂಬ ಪ್ರಶ್ನೆ ಕನ್ನಡಕ್ಕೆ ಕ್ರೈಸ್ತ ಮಿಶನರಿಗಳೊಡನೆ ಬಂದುದಲ್ಲ. ಹನ್ನೆರಡನೆಯ ಶತಮಾನದ ಬ್ರಹ್ಮಶಿವನ ‘ಸಮಯಪರೀಕ್ಷೆ’, ಅನಂತರದ ವೃತ್ತವಿಲಾಸನ ‘ಧರ್ಮಪರೀಕ್ಷೆ’ ಇವು ಜೈನಪಕ್ಷದ ಖಂಡನಕಾವ್ಯಗಳು; ಅತ್ತ ಶೈವಪಕ್ಷದ ಏಕಾಂತರಾಮಯ್ಯನು ತಲೆಯನ್ನೇ ಪಣವಾಗಿ ಒಡ್ಡಿ ಗೆದ್ದನೆಂದು ಅಬ್ಬಲೂರಿನ ಶಾಸನ ಸಾರುತ್ತದೆ. ಈ ಪರಂಪರೆಯಲ್ಲಿ ಸಮರ್ಥಕನು ತಾನೇ ನ್ಯಾಯಪೀಠದಲ್ಲಿ ಕುಳಿತಿರುತ್ತಾನೆ. ಬ್ರಹ್ಮಶಿವನು ಹೀಗಳೆದ ಜನಪದ ನಂಬಿಕೆಗಳ ವಿವರಗಳೇ ಇಂದು ಸಂಶೋಧಕನಿಗೆ ಅವನ ಕೃತಿಯ ಹೆಚ್ಚಿನ ಪ್ರಯೋಜನವಾಗಿರುವುದು ವಿಪರ್ಯಾಸವೇ ಸರಿ.

ಹತ್ತೊಂಬತ್ತನೆಯ ಶತಮಾನದಲ್ಲಿ ಬಾಸೆಲ್ ಮಿಶನ್ ಹೊರತಂದ ಕಿರುಹೊತ್ತಗೆಗಳಲ್ಲಿ ‘ಜಾತಿವಿಚಾರಣೆ’, ‘ದೇವವಿಚಾರಣೆ’ಯಂತಹ ಹೆಸರುಗಳಿವೆ. ‘ವಿಚಾರಣೆ’ ಎಂಬುದಕ್ಕೆ ಕನ್ನಡದಲ್ಲಿ ಪರ್ಯಾಲೋಚನೆ ಎಂಬ ಅರ್ಥವೂ ಇದೆ, ಕಟಕಟೆಯ ಅರ್ಥವೂ ಇದೆ. ಈ ಬಗೆಯ ಬರಹ ಎರಡನೆಯದರತ್ತಲೇ ವಾಲುತ್ತದೆ. ಕ್ರೈಸ್ತಮತದ ಸ್ವಂತ ಪ್ರಮಾಣ ಬೇರೆಯೇ ಆಗಿದೆ. ಪೇತ್ರನ ಮೊದಲ ಪತ್ರಿಕೆಯ ಮೂರನೆಯ ಅಧ್ಯಾಯವು ನಿಮ್ಮ ನಿರೀಕ್ಷೆಗೆ ಆಧಾರವೇನೆಂದು ಕೇಳಿದವರಿಗೆ ಸಾತ್ವಿಕವಾಗಿ ಉತ್ತರಿಸಬೇಕೆಂದು ವಿಧಿಸುತ್ತದೆ. ಸಮರ್ಥನೆ ಎಂಬುದು ಅಲ್ಲಿ ಉತ್ತರ. ಎಂದರೆ ಮೊದಲು ಎದುರಿನವನು ಪ್ರಶ್ನೆ ಕೇಳಿರಬೇಕು. ಸಂತೆಯಲ್ಲಿ ನಿಂತು ಮಾಡಿದ ಉಪದೇಶವಾದರೋ ಯಾರೂ ಕೇಳದ ಪ್ರಶ್ನೆಗೆ ಕೊಟ್ಟ ಉತ್ತರ. ಹಾಗೆಂದು ಮಿಶನರಿಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು: 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದ ಮೋಗ್ಲಿಂಗನೇ ದಾಸರ ಪದಗಳನ್ನೂ ಸಂಗ್ರಹಿಸಿ ಅಚ್ಚು ಹಾಕಿಸಿದನು.

ಕಿಟ್ಟೆಲ್‌ರಲ್ಲಿ ಈ ದ್ವಂದ್ವ ಇನ್ನೂ ಸೂಕ್ಷ್ಮವಾಗಿದೆ. 1872ರಲ್ಲಿ ಅವರಿಂದ ಕೇಶಿರಾಜನ ‘ಶಬ್ದಮಣಿದರ್ಪಣ’ದ ಸಂಪಾದನೆಯೂ ಬಂದಿತು, ‘ಯಜ್ಞಸುಧಾನಿಧಿ’ಯೂ ಬಂದಿತು. ಮೊದಲನೆಯದರಲ್ಲಿ ಜೈನ ವೈಯಾಕರಣನ ಮಾತಿಗೆ ತಮ್ಮ ಮತದ ಸೋಂಕು ತಗುಲದಂತೆ ಅವರು ಎಚ್ಚರ ವಹಿಸಿದ್ದಾರೆ. ಎರಡನೆಯದರಲ್ಲಿ ಯಜ್ಞಪರವಾದ ಪ್ರಾಚೀನ ವಾಕ್ಯಗಳನ್ನು ಕ್ರಿಸ್ತನ ಬಲಿಯತ್ತ ಸಾಗುವ ಮೆಟ್ಟಿಲುಗಳಾಗಿ ಜೋಡಿಸಿದ್ದಾರೆ. ಇಲ್ಲಿ ವೇದವು ಸಾಕ್ಷಿಯಾಗಿ ಕರೆಸಿಕೊಂಡಿದೆಯೇ ಹೊರತು ವಾದಿಯಾಗಿ ಅಲ್ಲ. ನಿಂದೆಯಿಲ್ಲದ ಬರಹವೂ ಪರರ ಗ್ರಂಥವನ್ನು ಹೀಗೆ ದುಡಿಸಿಕೊಳ್ಳಬಲ್ಲದು ಎಂಬುದು ನಮಗೆ ನಿಂದೆಗಿಂತ ಹೆಚ್ಚು ವಿಚಾರಾರ್ಹವೆನಿಸುತ್ತದೆ.

ಈ ಹಿನ್ನೆಲೆಯಲ್ಲಿ ಉತ್ತಂಗಿ ಚನ್ನಪ್ಪನವರನ್ನು (1881–1962) ನೋಡಬೇಕು. ಬಾಸೆಲ್ ಮಿಶನ್ನಿನಲ್ಲೇ ಪಾದ್ರಿಯಾಗಿದ್ದ ಅವರು 1921ರಲ್ಲಿ ಹಿಂದೂ ಜಗತ್ತಿನ ಮುಂದೆ ಕ್ರಿಸ್ತನನ್ನು ಇಟ್ಟ ಕೃತಿಯ ಹೆಸರು ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’. ಪರೀಕ್ಷೆಯಲ್ಲ, ವಿಚಾರಣೆಯಲ್ಲ, ವಿನಂತಿ. ವಿನಂತಿ ಮಾಡುವವನು ಬಾಗಿಲ ಹೊರಗೆ ನಿಂತಿರುತ್ತಾನೆ. ಒಪ್ಪುವ, ಒಪ್ಪದಿರುವ ಅಧಿಕಾರ ಒಳಗಿನವನದು. ಅಧಿಕಾರದ ಈ ಸ್ಥಾನಾಂತರವೇ ಉತ್ತಂಗಿಯವರ ನೀತಿಯ ತಿರುಳು. 1924ರಲ್ಲಿ ಅವರು ಸರ್ವಜ್ಞನ ವಚನಗಳನ್ನು ಸಂಪಾದಿಸಿ ಪ್ರಕಟಿಸಿದರು. ಮುಂದೆ ಶರಣ ಸಾಹಿತ್ಯಕ್ಕೆ ಹೊರಳಿದರು. ಅವರ ವಚನವ್ಯಾಸಂಗವು ಪಾದ್ರಿತನವನ್ನು ಬದಿಗಿಟ್ಟು ನಡೆದುದೆಂದು ಕೆಲವರೂ, ಮತಪ್ರಚಾರದ ಮರೆಯೆಂದು ಕೆಲವರೂ ಹೇಳುವುದುಂಟು. ಎರಡೂ ನಮಗೆ ಒಪ್ಪಿಗೆಯಿಲ್ಲ. ಪರರ ಶ್ರದ್ಧೆಯನ್ನು ಅವರ ಮಾತಿನಲ್ಲೇ ಪೂರ್ತಿ ಕೇಳಿಸಿಕೊಳ್ಳುವುದು ಅವರಿಗೆ ವಿನಂತಿಯ ಹಕ್ಕನ್ನು ಗಳಿಸುವ ದಾರಿಯೇ ಆಗಿತ್ತು.

ಹೈದರಾಬಾದಿನಲ್ಲಿ ಕುಳಿತು ಬರೆಯುವ ನಾವು 1949ನ್ನು ಮರೆಯುವಂತಿಲ್ಲ. ಆ ವರ್ಷ ಕಲಬುರಗಿಯಲ್ಲಿ ನೆರೆದ ಮೂವತ್ತೆರಡನೆಯ ಸಾಹಿತ್ಯ ಸಮ್ಮೇಳನಕ್ಕೆ ಉತ್ತಂಗಿಯವರು ಅಧ್ಯಕ್ಷರಾಗಿದ್ದರು. ಕಲಬುರಗಿ, ಬಸವಣ್ಣನ ಕಲ್ಯಾಣ ಎರಡೂ ಆಗ ಹೈದರಾಬಾದ್ ಸಂಸ್ಥಾನದ ಊರುಗಳು; 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಹಿಂದುಮುಂದಿನ ಮತೀಯ ಹಿಂಸೆಯ ಗಾಯ ಇನ್ನೂ ಹಸಿಯಾಗಿತ್ತು. ಅಂತಹ ನೆಲದಲ್ಲಿ, ಅಂತಹ ಹೊತ್ತಿನಲ್ಲಿ ಕನ್ನಡಿಗರು ಕ್ರೈಸ್ತ ಪಾದ್ರಿಯೊಬ್ಬರನ್ನು ತಮ್ಮ ಸಭೆಯ ಪೀಠದಲ್ಲಿ ಕೂರಿಸಿದರು.

ಆದರೆ ಅವರ ‘ಅನುಭವಮಂಟಪದ ಐತಿಹಾಸಿಕತೆ’ (1951) ನಮ್ಮನ್ನು ಕೊಂಚ ತಡೆದು ನಿಲ್ಲಿಸುತ್ತದೆ. ಅನುಭವಮಂಟಪವು ನಡೆದ ಸಂಗತಿಯೇ ಎಂದು ಸ್ಥಾಪಿಸಲು ಹೊರಟ ಆ ಗ್ರಂಥದಲ್ಲಿ ಶೋಧಕನ ಧ್ವನಿಗಿಂತ ವಕೀಲನ ಧ್ವನಿ ಗಟ್ಟಿಯಾಗಿ ಕೇಳಿಸುತ್ತದೆ. ತನ್ನ ಮತವಲ್ಲದ ಮತಕ್ಕಾಗಿ ಒಬ್ಬ ಪಾದ್ರಿ ಹೀಗೆ ಹೋರಾಡಿದುದು ಔದಾರ್ಯವೇ. ಅದರ ಒಳಗೊಂದು ಕ್ರೈಸ್ತ ಗೃಹೀತವೂ ಇದೆಯೆಂದು ನಮ್ಮ ಊಹೆ. ಕ್ರೈಸ್ತಶ್ರದ್ಧೆ ಕಾಲದಲ್ಲಿ ಘಟಿಸಿದ ಸಂಗತಿಯ ಮೇಲೆ ನಿಂತಿದೆ. ಕ್ರಿಸ್ತನ ಮರಣ, ಪುನರುತ್ಥಾನಗಳು ಕಥೆಯಷ್ಟೇ ಆದರೆ ಅದು ಉಳಿಯದು. ಶರಣಧರ್ಮಕ್ಕೂ ಅದೇ ಬಗೆಯ ಅಡಿಗಲ್ಲು ಬೇಕೆಂದು ಉತ್ತಂಗಿಯವರು ಭಾವಿಸಿದಂತಿದೆ. ಮಂಟಪದ ಕಟ್ಟಡವಾಗಲಿ ಕಲಾಪವಾಗಲಿ ಸಿದ್ಧವಾಗದಿದ್ದರೂ ವಚನಗಳ ಅನುಭಾವ ಕುಂದುವುದಿಲ್ಲ ಎಂದು ಶರಣಮಾರ್ಗಿಯೊಬ್ಬ ಹೇಳಿದರೆ ಈ ಗ್ರಂಥದಲ್ಲಿ ಅದಕ್ಕೆ ಉತ್ತರ ಸಿಗುವುದು ಕಷ್ಟ. ಪರರ ಮನೆಯನ್ನು ಕಾಯಲು ಹೋದವರು ತಮ್ಮ ಮನೆಯ ಬೀಗವನ್ನೇ ಅದಕ್ಕೂ ಹಾಕಿದಂತಾಯಿತು.

ಈ ಕಾರಣದಿಂದ ನಾವು ವಾದಗ್ರಂಥಕ್ಕಿಂತ ಅವರ ಸಂಪಾದನೆಗಳಿಗೆ, ಮೋಳಿಗೆ ಮಾರಯ್ಯ–ಮಹಾದೇವಿಯರ ವಚನಗಳಿಗೆ, ಸಿದ್ಧರಾಮನ ಸಾಹಿತ್ಯ ಸಂಗ್ರಹಕ್ಕೆ, ಹೆಚ್ಚಿನ ಬೆಲೆ ಕೊಡುತ್ತೇವೆ. ಅಲ್ಲಿ ಶರಣರು ಯಾರ ಪರವಾಗಿಯೂ ಸಾಕ್ಷಿ ನುಡಿಯಬೇಕಾಗಿಲ್ಲ.