‘ನನ್ನ ಕಥೆ’ ಯಾರದು? : ವಲಸೆಯ ಅರಬ್ ಲೇಖಕಿಯರಲ್ಲಿ ತಾಯಿಯ ಮಾತು, ಮಗಳ ಬರಹ

ಅರಬ್ ನಾಡುಗಳಿಂದ ಹೊರಗೆ ನೆಲೆಸಿದ ಲೇಖಕಿಯರ ಆತ್ಮಕಥನಗಳನ್ನು ಕುರಿತ ವಿಮರ್ಶೆ ಬಹುಮಟ್ಟಿಗೆ ಎರಡು ಪ್ರಶ್ನೆಗಳ ಸುತ್ತ ತಿರುಗುತ್ತ ಬಂದಿದೆ. ಲೇಖಕಿ ತನ್ನ ಸಮಾಜದ ಒಳಗುಟ್ಟನ್ನು ಪಶ್ಚಿಮದ ಓದುಗರ ಮುಂದಿಟ್ಟಳೆ ಎಂಬುದು ಒಂದು. ಹೊರನಾಡು ಆಕೆಗೆ ಎಂಥ ಸ್ವಾತಂತ್ರ್ಯವನ್ನು ಕೊಟ್ಟಿತು ಎಂಬುದು ಇನ್ನೊಂದು. ಎರಡೂ ವಲಸೆಯನ್ನು ಭೂಪಟದ ಮೇಲೆ ಗುರುತಿಸುವ ಪ್ರಶ್ನೆಗಳು. ಆದರೆ ಈ ಕೃತಿಗಳಲ್ಲಿ ಅದಕ್ಕೂ ಹಿಂದಿನ ಒಂದು ವಲಸೆಯಿದೆ. ತಾಯಿ ಆಡಿದ ಮಾತು ಮಗಳ ಅಕ್ಷರಕ್ಕೆ ಬಂದು ಸೇರುವ ವಲಸೆ ಅದು. ಆ ದಾರಿಯಲ್ಲಿ ‘ನಾನು’ ಎಂಬ ಸರ್ವನಾಮದ ಒಡೆತನ ಯಾರಿಗೆ ಸಲ್ಲುತ್ತದೆ ಎಂಬುದು ವಿಮರ್ಶೆ ಮೊದಲು ಕೇಳಬೇಕಾದ ಪ್ರಶ್ನೆಯೆಂದು ನನಗೆ ತೋರುತ್ತದೆ.

ಲೆಬನಾನಿನ ಹನಾನ್ ಅಲ್-ಶೇಖ್ ಅವರ ‘ಹಿಕಾಯತೀ ಶರ್ಹುನ್ ಯತೂಲ್’ (2005) ಈ ಪ್ರಶ್ನೆಯನ್ನು ತೀವ್ರವಾಗಿ ಎತ್ತುವ ಕೃತಿ. ಅಂತರ್ಯುದ್ಧದ ಕಾಲದಲ್ಲಿ ಬೈರೂತನ್ನು ತೊರೆದು ಕೊನೆಗೆ ಲಂಡನ್ನಿನಲ್ಲಿ ನೆಲೆಸಿದ ಈ ಲೇಖಕಿ ಬರೆಯುತ್ತ ಬಂದದ್ದು ಅರಬಿಯಲ್ಲಿಯೇ. ಕೃತಿಯ ವಸ್ತು ಅವರ ತಾಯಿ ಕಮೀಲಾಳ ಬದುಕು. ದಕ್ಷಿಣ ಲೆಬನಾನಿನ ಬಡತನದಿಂದ ಬೈರೂತಿಗೆ ಬಂದ ಹುಡುಗಿ. ಅಕ್ಕ ತೀರಿಕೊಂಡ ಮೇಲೆ ಎಳೆಯ ವಯಸ್ಸಿನಲ್ಲೇ ಭಾವನಿಗೆ ಮದುವೆ. ಮುಹಮ್ಮದ್ ಎಂಬ ತರುಣನಲ್ಲಿ ಅನುರಾಗ. ಕಡೆಗೆ ಇಬ್ಬರು ಹೆಣ್ಣುಮಕ್ಕಳನ್ನು ಬಿಟ್ಟು, ವಿಚ್ಛೇದನ ಪಡೆದು ಆತನನ್ನು ವರಿಸಿದ್ದು. ಬಿಟ್ಟುಹೋದ ಆ ಮಕ್ಕಳಲ್ಲಿ ಒಬ್ಬಳೇ ಹನಾನ್. ಕಮೀಲಾಳಿಗೆ ಓದುಬರಹ ಬಾರದು. ತನ್ನ ಕಥೆಯನ್ನು ಬರೆಯೆಂದು ಮಗಳನ್ನು ಒತ್ತಾಯಿಸಿದವಳು ಆಕೆಯೇ.

ಹೆಸರನ್ನೇ ನೋಡೋಣ. ನನ್ನ ಕಥೆ ವಿವರಿಸಹೊರಟರೆ ದೀರ್ಘವಾದೀತು ಎಂಬುದು ಅರಬಿ ಶೀರ್ಷಿಕೆಯ ಸ್ಥೂಲವಾದ ಅರ್ಥ. ಹೊದಿಕೆಯ ಮೇಲೆ ಮಗಳ ಹೆಸರು, ಶೀರ್ಷಿಕೆಯಲ್ಲಿ ತಾಯಿಯ ‘ನನ್ನ’. ರೋಜರ್ ಅಲೆನ್ ಅವರ ಇಂಗ್ಲಿಷ್ ಅನುವಾದ 2009ರಲ್ಲಿ ಬಂದಾಗ ‘ದ ಲೋಕಸ್ಟ್ ಅಂಡ್ ದ ಬರ್ಡ್’ ಎಂಬ ಬೇರೆಯೇ ಹೆಸರು, ಅದರಡಿಯಲ್ಲಿ ‘ನನ್ನ ತಾಯಿಯ ಕಥೆ’ ಎಂಬ ಉಪಶೀರ್ಷಿಕೆ. ಒಂದು ವಿಭಕ್ತಿ ಪ್ರತ್ಯಯದ ಅಂತರದಲ್ಲಿ ಕಥೆಯ ಒಡೆತನವೇ ಕೈ ಬದಲಾಯಿಸಿದೆ. ಅರಬಿ ಓದುಗನ ಎದುರಿನಲ್ಲಿ ಕಮೀಲಾ ಕುಳಿತಿದ್ದಾಳೆ. ಇಂಗ್ಲಿಷ್ ಓದುಗನಿಗೆ ಆಕೆಯನ್ನು ಮಗಳು ಪರಿಚಯಿಸುತ್ತಾಳೆ. ಇದನ್ನು ಕೇವಲ ಪ್ರಕಾಶನದ ವ್ಯವಹಾರವೆಂದು ತಳ್ಳಿಹಾಕುವಂತಿಲ್ಲ.

ಮಗಳು ತನ್ನ ದನಿಯಲ್ಲಿ ಮಾತನಾಡುವುದು ಪೀಠಿಕೆಯಲ್ಲಿ ಮತ್ತು ಕೊನೆಯಲ್ಲಿ. ನಡುವಿನದೆಲ್ಲ ಕಮೀಲಾಳ ಉತ್ತಮಪುರುಷ ನಿರೂಪಣೆ. ಹಾಗಾಗಿ ತಾಯಿ ಮನೆ ಬಿಟ್ಟು ಹೋಗುವ ಸಂದರ್ಭ ಬಂದಾಗ ಬರೆಯುವ ಕೈ ತೊರೆಯಲ್ಪಟ್ಟವಳದು, ‘ನಾನು’ ಮಾತ್ರ ತೊರೆದವಳದು. ತನ್ನ ಬಾಲ್ಯದ ಗಾಯವನ್ನು ಅದನ್ನು ಮಾಡಿದವಳ ಕಡೆಯಿಂದ ನೋಡಿ ಬರೆಯಬೇಕು. ಆತ್ಮಕಥನವೆಂಬ ಪ್ರಕಾರಕ್ಕೆ ಇದಕ್ಕಿಂತ ಕಠಿಣವಾದ ಪರೀಕ್ಷೆ ನನಗೆ ಹೊಳೆಯದು. ಕಮೀಲಾಳನ್ನು ಬರಿಯ ಸಂತ್ರಸ್ತೆಯಾಗಿ ಚಿತ್ರಿಸಿದ್ದರೆ ಕೆಲಸ ಹಗುರವಾಗುತ್ತಿತ್ತು, ಪುಸ್ತಕಕ್ಕೆ ಮಾರುಕಟ್ಟೆಯೂ ಸಲೀಸಾಗಿ ಸಿಗುತ್ತಿತ್ತು. ಇಲ್ಲಿಯ ಕಮೀಲಾ ಸುಳ್ಳು ಹೇಳುತ್ತಾಳೆ, ಜಿಪುಣ ಗಂಡನ ಹಣ ಕದಿಯುತ್ತಾಳೆ, ಈಜಿಪ್ಟಿನ ಚಲನಚಿತ್ರಗಳ ಹುಚ್ಚು ಹಚ್ಚಿಕೊಂಡಿದ್ದಾಳೆ, ನಗಿಸುತ್ತಾಳೆ. ಕೃತಿಯ ಸತ್ತ್ವ ಇರುವುದು ಈ ತುಂಟತನದಲ್ಲಿ.

ಆದರೂ ಒಂದು ಆಕ್ಷೇಪವನ್ನು ಹೇಳಲೇಬೇಕು. ದಶಕಗಳ ಹಿಂದಿನ ಸಂಭಾಷಣೆಗಳು ಈ ನಿರೂಪಣೆಯಲ್ಲಿ ಚಾಚೂ ತಪ್ಪದೆ ಬರುತ್ತವೆ. ಘಟನೆಗಳು ಕಾದಂಬರಿಯ ಲಯದಲ್ಲಿ ಸಾಗುತ್ತವೆ. ನೆನಪು ಇಷ್ಟು ನುಣುಪಾಗಿರುವುದಿಲ್ಲ. ಹನ್ನೆರಡನೆಯ ಶತಮಾನದ ಶರಣೆಯರ ಮಾತು ಹದಿನೈದನೆಯ ಶತಮಾನದ ಶೂನ್ಯಸಂಪಾದನೆಯ ಸಂವಾದದ ಚೌಕಟ್ಟಿನಲ್ಲಿ ಎದುರಾದಾಗ, ಇದರಲ್ಲಿ ಸಂಕಲನಕಾರನ ಕೈ ಎಷ್ಟು ಎಂದು ಕೇಳುವುದು ನಮ್ಮಂಥವರಿಗೆ ರೂಢಿ. ಆ ಪ್ರಶ್ನೆಯನ್ನು ಇಲ್ಲಿಯೂ ಕೈಬಿಡಬಾರದು.

ಈ ಬೆಸುಗೆಯನ್ನು ಮರೆಮಾಡದ ಇನ್ನೊಂದು ಮಾರ್ಗವೂ ಇದೆ. ಅಲ್ಜೀರಿಯಾದ ಆಸಿಯಾ ಜೆಬಾರ್ (1936–2015) ಫ್ರೆಂಚಿನಲ್ಲಿ ಬರೆದ ‘ಲಾಮೂರ್, ಲಾ ಫಾಂತಾಸಿಯಾ’ (1985) ಕೃತಿಯಲ್ಲಿ ಮೂರು ಎಳೆಗಳಿವೆ: 1830ರ ಆಕ್ರಮಣವನ್ನು ಕುರಿತ ಫ್ರೆಂಚ್ ಅಧಿಕಾರಿಗಳ ದಾಖಲೆಗಳು, ಲೇಖಕಿಯ ಸ್ವಂತ ಬಾಲ್ಯ, 1954–62ರ ಸ್ವಾತಂತ್ರ್ಯ ಸಮರವನ್ನು ಕಂಡ ಗ್ರಾಮೀಣ ಸ್ತ್ರೀಯರ ಮೌಖಿಕ ಹೇಳಿಕೆಗಳು. ಈ ಸ್ತ್ರೀಯರ ‘ನಾನು’ವನ್ನು ಆಕೆ ತನ್ನ ‘ನಾನು’ವಿನಿಂದ ಬೇರೆಯಾಗಿಯೇ ಇಡುತ್ತಾರೆ. ತಾನು ಆ ಮಾತನ್ನು ದಾಖಲಿಸುತ್ತಿರುವುದು ಗೆದ್ದವರ ಭಾಷೆಯಲ್ಲಿ ಎಂಬ ಅಳುಕು ಪುಟಪುಟದಲ್ಲೂ ಇದೆ. ಪ್ರಾಮಾಣಿಕತೆಯಲ್ಲಿ ಇದು ಮೇಲು. ಆದರೆ ಕಮೀಲಾಳಂತೆ ಇಡಿಯಾಗಿ ನೆನಪಿನಲ್ಲಿ ಉಳಿಯುವ ವ್ಯಕ್ತಿ ಇಲ್ಲಿ ಒಬ್ಬಳೂ ಇಲ್ಲ. ಆ ಪ್ರಾಮಾಣಿಕತೆಗೆ ತೆತ್ತ ಬೆಲೆ ಅದು.

ಜೆಬಾರರ ಅಳುಕು ವಸಾಹತುಶಾಹಿಯ ಭಾಷೆಯನ್ನು ಕುರಿತದ್ದು. ಸ್ವಂತ ಭಾಷೆಯೊಳಗೇ ಇರುವ ಬಿರುಕನ್ನು ತೋರಿಸುವವರು ಕೈರೋದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಲೈಲಾ ಅಹಮದ್. ಅವರ ಇಂಗ್ಲಿಷ್ ಆತ್ಮಕಥನ ‘ಎ ಬಾರ್ಡರ್ ಪ್ಯಾಸೇಜ್’ 1999ರಲ್ಲಿ ಪ್ರಕಟವಾಯಿತು. ಅವರ ಪ್ರಕಾರ ಈಜಿಪ್ಟಿನ ಆಡುಮಾತೇ ಅವರ ತಾಯ್ನುಡಿ. ಶಿಷ್ಟ ಅರಬಿ ಶಾಲೆಯಲ್ಲಿ ಕಲಿಯಬೇಕಾದ ಭಾಷೆ. ಅಜ್ಜಿಯ ಮನೆಯ ಹೆಂಗಸರು ಬಾಯಿಮಾತಿನಲ್ಲಿ ಬಾಳಿದ ಧರ್ಮವನ್ನೂ ಪಂಡಿತರಾದ ಗಂಡಸರು ಗ್ರಂಥಗಳಲ್ಲಿ ಕಾಪಾಡಿದ ಧರ್ಮವನ್ನೂ ಅವರು ಬೇರ್ಪಡಿಸಿ ನೋಡುತ್ತಾರೆ. ವಿಭಜನೆ ತುಸು ಅತಿಯಾಗಿ ಸರಳ. ಗ್ರಂಥಸ್ಥ ಪರಂಪರೆಯಲ್ಲೂ ಹದೀಸುಗಳನ್ನು ಬೋಧಿಸಿದ ವಿದುಷಿಯರು ಇದ್ದರು. ಆದರೆ ಅವರ ಭಾಷಿಕ ಒಳನೋಟ ಕಮೀಲಾಳ ಕಥೆಯನ್ನು ಓದಲು ಅಗತ್ಯ. ಮಗಳು ಅರಬಿಯಲ್ಲೇ ಬರೆದರೂ ತಾಯಿಯ ಆಡುಮಾತು ಬರಹಕ್ಕೆ ಇಳಿಯುವಾಗಲೇ ಒಮ್ಮೆ ಅನುವಾದಗೊಂಡಿರುತ್ತದೆ. ಅಲೆನ್ ಅವರದು ಎರಡನೆಯ ಅನುವಾದ.

ಕಮೀಲಾ ತೀರಿಕೊಂಡದ್ದು 2001ರಲ್ಲಿ, ಪುಸ್ತಕ ಬಂದದ್ದು ನಾಲ್ಕು ವರ್ಷಗಳ ಅನಂತರ. ಬದುಕಿದ್ದರೂ ಆಕೆಗೆ ಅದನ್ನು ಯಾರಾದರೂ ಓದಿ ಹೇಳಬೇಕಾಗುತ್ತಿತ್ತು. ಕೇಳುತ್ತ ಎಲ್ಲಿ ತಡೆದು ತಿದ್ದುತ್ತಿದ್ದಳೋ ಆ ಜಾಗಗಳು ಮುದ್ರಿತ ಪಠ್ಯದಲ್ಲಿ ಇಲ್ಲ.