ಬೆಟ್ಟದ ದಾರಿಯ ಬುತ್ತಿ

ವಿಹಾರಾರ್ಥವಾಗಿ ಬೆಟ್ಟವನ್ನೇರುವವರು ನೋಡತಕ್ಕ ಸ್ಥಳವೇ ಉಣ್ಣತಕ್ಕ ಸ್ಥಳವೂ ಆಗಿರಬೇಕೆಂದು ಭಾವಿಸುವುದರಿಂದ, ನಡುಹಗಲಾಗುತ್ತಲೇ ಶಿಖರದ ಹೋಟೆಲುಗಳ ಬಾಗಿಲಲ್ಲಿ ಅಷ್ಟೂ ಜನ ನೆರೆದು, ಉಣ್ಣುತ್ತಿರುವವನ ಬೆನ್ನ ಹಿಂದೆ ನಿಂತು, ಅವನು ಮಜ್ಜಿಗೆಗೆ ಬಂದನೋ ಇಲ್ಲವೋ ಎಂದು ಇಣುಕುತ್ತಿರುವ ದೃಶ್ಯ ಸಕಲ ಗಿರಿಧಾಮಗಳಿಗೂ ಸಮಾನವಾದುದು. 2,650 ಮೀಟರ್ ಎತ್ತರದ ಗುಲ್ಮಾರ್ಗದಲ್ಲಿ ಕಾಲಿಗೆ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವ ವಿಲಾಸಿಗಳೂ ಈ ಪಾಡಿನಿಂದ ಪಾರಾದವರಲ್ಲ. ಅಲ್ಲಿಯೂ ಬಲ್ಲವರು ಹನ್ನೊಂದಕ್ಕೇ ಉಂಡುಬಿಡುತ್ತಾರೆ, ಇಲ್ಲವೆ ಎರಡು ಗಂಟೆ ಕಳೆಯುವವರೆಗೆ ಹಸಿವನ್ನು ಸಂತೈಸಿಕೊಂಡಿರುತ್ತಾರೆ. ಹಿಮವಿಲ್ಲದ ನಮ್ಮ ಸೀಮೆಗೂ ಈ ಸೂತ್ರ ಸಲ್ಲುತ್ತದೆ, ಆದರೆ ಅರ್ಧಮಾತ್ರ. ಹೊತ್ತನ್ನು ಬದಲಿಸಿದರೆ ಸಾಲದು, ಸ್ಥಳವನ್ನೂ ಬದಲಿಸತಕ್ಕದ್ದು. ನೋಡುವುದು ಒಂದೆಡೆ, ಉಣ್ಣುವುದು ಮತ್ತೊಂದೆಡೆ ಎಂಬ ವ್ರತವನ್ನು ಹಿಡಿಯತಕ್ಕದ್ದು.

ಕೊಳ್ಳೇಗಾಲವನ್ನು ಬಿಟ್ಟು ಹನೂರಿನ ಹಾದಿ ಹಿಡಿದವರಿಗೆ ಪೇಟೆಯ ಗದ್ದಲ ಹಿಂದಾಗುವಷ್ಟರಲ್ಲೇ ಎದುರಾಗುವ ಮಧುವನಹಳ್ಳಿಯನ್ನು ಯಾವ ಯಾತ್ರಿಕನೂ ತನ್ನ ಗಮ್ಯಸ್ಥಾನವೆಂದು ಎಣಿಸುವುದಿಲ್ಲ. ಮಲೆ ಮಹದೇಶ್ವರನ ಬೆಟ್ಟ ಅಲ್ಲಿಂದ ಇನ್ನೂ ಸುಮಾರು 70 ಕಿ.ಮೀ. ದೂರವಿರುವುದರಿಂದ, ಕಾಮಗೆರೆ, ಹನೂರು, ಕೌದಳ್ಳಿಗಳನ್ನು ದಾಟಿ ತಾಳಬೆಟ್ಟದ ತಿರುವುಗಳನ್ನು ಹತ್ತುವ ಆತುರದಲ್ಲಿ ವಾಹನಗಳು ಆ ಊರನ್ನು ಕಣ್ಣೆತ್ತಿಯೂ ನೋಡದೆ ಸಾಗಿಬಿಡುತ್ತವೆ. ನನ್ನ ಪಕ್ಷಪಾತವಾದರೋ ಇಂಥ ಊರುಗಳ ಕಡೆಗೇ. ಮೈಸೂರನ್ನು ಒಂಬತ್ತಕ್ಕೆ ಬಿಟ್ಟವರು ಹನ್ನೊಂದರ ಸುಮಾರಿಗೆ ಇಲ್ಲಿಗೆ ತಲುಪಿ, ಹೆದ್ದಾರಿಯಿಂದ ಒಂದು ಫರ್ಲಾಂಗು ಒಳಕ್ಕೆ ಸರಿದು, ತೋಟದವರ ಅನುಮತಿ ಬೇಡಿ, ಮರದ ನೆರಳಿನಲ್ಲಿ ಜಮಖಾನ ಹಾಸಿದರೆ, ಬೆಟ್ಟದ ಮೇಲೆ ಯಾವ ಹಣಕ್ಕೂ ದೊರೆಯದ ವಸ್ತುವೊಂದು ದೊರೆಯುತ್ತದೆ: ಅವಕಾಶ. ಅನುಮತಿ ಬೇಡುವುದನ್ನು ಮಾತ್ರ ಮರೆಯಕೂಡದು. ಬೇಡಿದವರಿಗೆ ಈ ಸೀಮೆಯಲ್ಲಿ ಇಲ್ಲವೆಂಬ ಉತ್ತರ ಬರುವುದು ಅಪೂರ್ವ. “ಕೂತ್ಕಳಿ ಸ್ವಾಮಿ, ನೆಳ್ಳು ಚೆನ್ನಾಗದ, ನೀರು ಬೇಕಾದ್ರ ಕೇಳಿ” ಎಂಬ ಮಾತಿನ ಹಿಂದೆಯೇ ಒಂದೆರಡು ಎಳನೀರು ಬಂದರೂ ಆಶ್ಚರ್ಯವಿಲ್ಲ.

ಬುತ್ತಿಯ ವಿಷಯದಲ್ಲಿ ನಾನು ಸಂಪ್ರದಾಯಸ್ಥ. ರಾಗಿಮುದ್ದೆ, ಉಪ್ಸಾರುಗಳು ಈ ನಾಡಿನ ಅನ್ನದೇವತೆಗಳೇ ಆದರೂ ಒಲೆಯ ಸಾಮೀಪ್ಯವನ್ನು ಬಯಸುವಂಥವು. ತಣಿದ ಮುದ್ದೆ ಪ್ರಯಾಣಕ್ಕೆ ಒದಗುವುದಿಲ್ಲ. ರಾಗಿರೊಟ್ಟಿ ಒದಗುತ್ತದೆ, ಹುಚ್ಚೆಳ್ಳಿನ ಚಟ್ನಿಪುಡಿ ಜತೆಗಿದ್ದರೆ ಇನ್ನೂ ಚೆನ್ನಾಗಿ ಒದಗುತ್ತದೆ. ಹುಳಿಯನ್ನ ಹೊತ್ತು ಕಳೆದಷ್ಟೂ ಹದವೇರುವ ಗುಣವುಳ್ಳದ್ದಾದ್ದರಿಂದ ಅದನ್ನು ಮುಂಜಾನೆಯೇ ಕಲಸಿಡಬೇಕು. ಮೊಸರನ್ನದ ಮರ್ಮ ಬೇರೆ: ಬಿಸಿ ಅನ್ನವನ್ನು ಹಾಲಿನಲ್ಲಿ ಮೆತ್ತಗೆ ಹಿಸುಕಿ, ಆರಿದ ಬಳಿಕ ಒಂದೇ ಚಮಚ ಮೊಸರನ್ನು ಬೆರೆಸಿ ಮುಚ್ಚಿಟ್ಟರೆ, ಅರ್ಧ ದಾರಿ ದಾಟುವ ಹೊತ್ತಿಗೆ ಇನ್ನೂ ಹಾಲನ್ನವಾಗಿದ್ದು, ಎಲೆಗೆ ಬೀಳುವ ಹೊತ್ತಿಗೆ ಹುಳಿಯಿಲ್ಲದ ಸಿಹಿಮೊಸರನ್ನವಾಗಿ ಪರಿಣಮಿಸಿರುತ್ತದೆ. ಅದಕ್ಕೆ ಕರಿದ ಬಾಳಕದ ಮೆಣಸಿನಕಾಯಿಯನ್ನು ಬಿಟ್ಟರೆ ಅನ್ಯ ಸಹಚರರು ಬೇಕಿಲ್ಲ. ಬಾಳೆಲೆಯನ್ನು ಕೆಂಡದ ಮೇಲೆ ಕ್ಷಣಕಾಲ ಹಾಯಿಸಿ ಬಾಡಿಸಿ ಸುತ್ತಿಟ್ಟುಕೊಂಡರೆ ಮಡಿಸಿದಾಗ ಸೀಳುವುದಿಲ್ಲ. ಉಂಡೆದ್ದ ಮೇಲೆ ತೋಟದ ದನವೇ ಅದರ ಲೆಕ್ಕವನ್ನು ಚುಕ್ತಾ ಮಾಡುತ್ತದೆ.

ಕಾರ್ತಿಕಮಾಸದಲ್ಲಿ ನೆಲ್ಲಿಯ ಮರದಡಿ ವನಭೋಜನ ಮಾಡತಕ್ಕದ್ದೆಂಬ ವಿಧಿಯನ್ನು ಕಲ್ಪಿಸಿದ ಪೂರ್ವಿಕರು ಪುಣ್ಯದ ನೆಪದಲ್ಲಿ ಏಕಾಂತವನ್ನೂ ನೆರಳನ್ನೂ ಒಟ್ಟಿಗೆ ದಕ್ಕಿಸಿಕೊಂಡರೆಂದು ನನಗೆ ತೋರುತ್ತದೆ. ಸೋಲಿಗರು ನೆಲ್ಲಿಕಾಯನ್ನೂ ಜೇನನ್ನೂ ತರುವ ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಈ ವಿಧಿಯನ್ನು ನೆರವೇರಿಸೋಣವೆಂದರೆ, ಅದು ಈಗ ಹುಲಿಯ ರಕ್ಷಿತಾರಣ್ಯ. ನಡುದಾರಿಯಲ್ಲಿ ವಾಹನದಿಂದ ಇಳಿಯುವುದೇ ನಿಷಿದ್ಧವಾಗಿರುವಾಗ ಜಮಖಾನದ ಮಾತೆಲ್ಲಿ! ಈ ನಿಷೇಧವನ್ನು ನಾನು ಮನಃಪೂರ್ವಕ ಸಮರ್ಥಿಸುತ್ತೇನೆ. ಆದಕಾರಣ ಆ ಬೆಟ್ಟಕ್ಕೆ ಹೋಗುವವರು ಯಳಂದೂರಿನ ಬಯಲಿನಲ್ಲೇ ಊಟ ಮುಗಿಸಿ, ಕಲ್ಲಿನಲ್ಲೇ ಕಡೆದ ಬಳೆಗಳ ಸರಪಳಿಯುಳ್ಳ ಗೌರೀಶ್ವರ ದೇವಾಲಯದ ಬಳೆಮಂಟಪವನ್ನು ನಿಧಾನವಾಗಿ ನೋಡಿ, ಆಮೇಲೆ ಘಟ್ಟವನ್ನು ಹತ್ತುವುದು ಒಳ್ಳೆಯದು.

ಭರಚುಕ್ಕಿಯಲ್ಲಿ ಉಣ್ಣುವ ಸಾಹಸವನ್ನು ಯಾರಿಗೂ ಸಲಹೆ ಮಾಡಲಾರೆ. ಮಳೆಗಾಲದ ಕಾವೇರಿ ಬಂಡೆಗಳ ಮೇಲಿಂದ ನೂರು ಧಾರೆಯಾಗಿ ಧುಮುಕುವುದನ್ನು ಕಾಣಲು ನೆರೆಯುವ ಜನಸಂದಣಿಯ ನಡುವೆ ಬುತ್ತಿಯನ್ನು ಬಿಚ್ಚಿದರೆ ಮೊದಲ ಅತಿಥಿ ಕಪಿ. ಬಿಸಿಯೂಟವೇ ಬೇಕೆನ್ನುವವರಿಗೆ ಇನ್ನೊಂದು ದಾರಿಯುಂಟು: ಲೊಕ್ಕನಹಳ್ಳಿಯ ಕಡೆ ತಿರುಗಿ ಒಡೆಯರಪಾಳ್ಯಕ್ಕೆ ಹೋದರೆ, 1970ರ ದಶಕದಲ್ಲಿ ನೆಲೆಗೊಂಡ ಟಿಬೆಟಿಗರ ವಸಾಹತಿನಲ್ಲಿ, ಮುಸುಕಿನ ಜೋಳದ ಹೊಲಗಳ ನಡುವೆ, ಥುಕ್ಪಾ ಎಂಬ ಹಿಮದ ನಾಡಿನ ಸಾರನ್ನು ಸಾವಕಾಶವಾಗಿ ಹೀರಬಹುದು. ಗುಲ್ಮಾರ್ಗದ ಚಳಿಯಿಲ್ಲದೆಯೇ ಅದರ ರುಚಿ ಹಿಡಿಸುತ್ತದೆಯೋ ಎಂದರೆ, ಮಳೆ ಹಿಡಿದ ದಿನ ಹಿಡಿಸುತ್ತದೆ, ಚೈತ್ರದ ಬಿಸಿಲಿನಲ್ಲಿ ಮೊಸರನ್ನವೇ ಮೇಲು.

ಜನಸಂದಣಿಯನ್ನು ಇಷ್ಟು ದೂರಿದ ಮೇಲೆ ಎರಡು ಕಡೆಗಳನ್ನು ಪ್ರತ್ಯೇಕವಾಗಿರಿಸುವುದು ನ್ಯಾಯ. ಮಹದೇಶ್ವರನ ಸನ್ನಿಧಿಯ ದಾಸೋಹ ಪ್ರಸಾದ. ವಿರಾಮಭೋಜನದ ಅಳತೆಗೋಲು ಅದಕ್ಕೆ ಸಲ್ಲುವುದಿಲ್ಲ. ಚಿಕ್ಕಲ್ಲೂರಿನಲ್ಲಿ ಪುಷ್ಯಮಾಸದ ಹುಣ್ಣಿಮೆಗೆ ನಡೆಯುವ ಸಿದ್ದಪ್ಪಾಜಿಯ ಜಾತ್ರೆಯ ಪಂಕ್ತಿಸೇವೆಯಾದರೋ, ಬಿಡಾರಗಳ ಮುಂದೆ ಅಡುಗೆ ಮಾಡಿ ಜಾತಿಭೇದವನ್ನು ಬದಿಗಿಟ್ಟು ಒಟ್ಟಿಗೆ ಕುಳಿತು ಉಣ್ಣುವ ವ್ರತವಾದುದರಿಂದ, ಅಲ್ಲಿ ಜನವಿಲ್ಲದಿದ್ದರೆ ಊಟವೇ ಇಲ್ಲ. ಏಕಾಂತವನ್ನು ಅರಸುವವರು ಆ ದಿನಗಳಲ್ಲಿ ಮನೆಯಲ್ಲೇ ಇರುವುದು ಲೇಸು.

ಉಳಿದ ದಿನಗಳಲ್ಲಿ ಹೊರಡುವವರಲ್ಲಿ ನನ್ನದೊಂದು ವಿಜ್ಞಾಪನೆ: ಬುತ್ತಿಗೆ ಅಕ್ಕಿ ತೊಳೆಯುವ ಮುನ್ನ ಪಂಚಾಂಗವನ್ನೊಮ್ಮೆ ತೆರೆದು ನೋಡಿರಿ. ಶಿವರಾತ್ರಿ, ಯುಗಾದಿ, ದೀಪಾವಳಿಗಳಲ್ಲಷ್ಟೇ ಅಲ್ಲ, ಪ್ರತಿ ಅಮಾವಾಸ್ಯೆಗೂ ಮಹದೇಶ್ವರನ ಒಕ್ಕಲು ಬೆಟ್ಟಕ್ಕೆ ಹರಿದುಹೋಗುವುದರಿಂದ, ಆ ದಿನ ಮಧುವನಹಳ್ಳಿಯ ದಾರಿಯಲ್ಲೂ ನೆಮ್ಮದಿಯಿರುವುದಿಲ್ಲ.